ಎರೆಹುಳು ಸಾಕಿದವರು ಹೇಳಿ: ವಾಸನೆ ಬರದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ಬಾಲ್ಕನಿಯಲ್ಲಿ ಒಂದಷ್ಟು ಕುಂಡಗಳಿವೆ. ತರಕಾರಿ ಸಿಪ್ಪೆಯಿಂದ ಎರೆಗೊಬ್ಬರ ಮಾಡುವ ಆಸೆ. ವಾಸನೆ ಬರುತ್ತದೆ, ಹುಳು ಮನೆಯೊಳಗೆ ಹರಿದಾಡುತ್ತದೆ ಅಂತ ಮನೆಯವರಿಗೆ ಭಯ. ಕುಂಡದ ಮಣ್ಣಲ್ಲಿ ಸಿಗುವ ಹುಳುವನ್ನೇ ಡಬ್ಬಕ್ಕೆ ಬಿಡಬಹುದಾ? ಅನುಭವ ಇದ್ದವರು ತಿಳಿಸಿ.

ಉತ್ತರ: ಕುಂಡದ ಹುಳು ಬೇಡ. ಮಣ್ಣು ಕೊರೆದು ಆಳಕ್ಕೆ ಇಳಿಯುವ ಜಾತಿ ಡಬ್ಬದಲ್ಲಿ ಬಾಳುವುದಿಲ್ಲ. ಕೊಳೆತ ಎಲೆ, ಸಗಣಿ ಇರುವ ಮೇಲುಪದರದಲ್ಲೇ ಬದುಕುವ ಹುಳು ಬೇಕು. ಐಸೀನಿಯಾ ಫೆಟಿಡಾ ಎಂಬ ಕೆಂಪು ಹುಳು ಒಳ್ಳೆಯದು. ಬಿಸಿಲು ಬೀಳದ ಕಡೆ ಇಡಿ. ಅದಕ್ಕೆ 15ರಿಂದ 25 ಡಿಗ್ರಿ ಹಿತ.

ಡಬ್ಬ ಆಳಕ್ಕಿಂತ ಅಗಲ ಜಾಸ್ತಿ ಇರಲಿ, ತಳದಲ್ಲಿ ತೂತು ಬೇಕೇ ಬೇಕು. ಹರಿದ ರಟ್ಟು, ಒಣ ಎಲೆ, ತೆಂಗಿನ ನಾರಿನ ಪುಡಿ ಹಾಸಿ ನೀರು ಚಿಮುಕಿಸಿ. ಹುಳು ಉಸಿರಾಡುವುದು ಚರ್ಮದಿಂದ. ಒಣಗಿದರೂ ಕಷ್ಟ, ನೀರು ನಿಂತರೂ ಕಷ್ಟ. ಒಂದು ಹಿಡಿ ತೆಗೆದು ಹಿಂಡಿ ನೋಡಿ. ಒಂದೆರಡು ಹನಿ ಬಂದರೆ ಸರಿ. ನೀರು ಇಳಿದು ಸುರಿದರೆ ಒಣ ರಟ್ಟು ಸೇರಿಸಿ.

ಇನ್ನು ವಾಸನೆ. ಡಬ್ಬ ನಾರಿದರೆ ತಪ್ಪು ಹುಳುವಿನದ್ದಲ್ಲ, ಸಿಪ್ಪೆ ಜಾಸ್ತಿಯಾಗಿದೆ ಅಂತಲೇ ಅರ್ಥ. ಹುಳುವಿಗೆ ಹಲ್ಲಿಲ್ಲ ಅಲ್ವಾ, ಬ್ಯಾಕ್ಟೀರಿಯಾ, ಬೂಷ್ಟು ಮೊದಲು ಸಿಪ್ಪೆಯನ್ನು ಮೆತ್ತಗೆ ಮಾಡಬೇಕು. ಅಷ್ಟರೊಳಗೆ ದಿನಾ ಸುರಿಯುತ್ತಾ ಹೋದರೆ ಗಾಳಿಯಾಡದೆ ಕೊಳೆಯುತ್ತದೆ, ಬಿಸಿಯೂ ಏರುತ್ತದೆ. ಹುಳು ಗೋಡೆ ಹತ್ತುವುದು ಆಗಲೇ. ಹಾಗಾಗಿ ಹಿಂದೆ ಹಾಕಿದ ಜಾಗವನ್ನು ಕೆದಕಿ ನೋಡದೆ ಹೊಸದು ಹಾಕಲೇಬೇಡಿ. ನಾನು ಸಣ್ಣಗೆ ಹೆಚ್ಚಿ, ಒಂದು ಮೂಲೆಯಲ್ಲಿ ಹೂತು, ಮೇಲೆ ಒಣ ಕಾಗದದ ಚೂರು ಮುಚ್ಚುತ್ತೇನೆ. ಮುಂದಿನ ಸಲ ಬೇರೆ ಮೂಲೆ. ಹಣ್ಣಿನ ನೊಣದ ಕಾಟವೂ ತಗ್ಗುತ್ತದೆ. ಮಾಂಸ, ಹಾಲು, ಎಣ್ಣೆ, ಉಪ್ಪು ಸೇರಿಸಬೇಡಿ. ನಿಂಬೆ, ಈರುಳ್ಳಿ ಸಿಪ್ಪೆ ತೀರಾ ಕಡಿಮೆ ಇರಲಿ. ಮೊಟ್ಟೆ ಚಿಪ್ಪಿನ ಪುಡಿ ಉದುರಿಸಿದರೆ ಹುಳಿ ಅಂಶ ಇಳಿಯುತ್ತದೆ.

ಇನ್ನೊಬ್ಬರು: ಮೇಲೆ ಹೇಳಿದ್ದು ಪೂರ್ತಿ ನಿಜ. ಒಂದು ಸೇರಿಸುತ್ತೇನೆ. ಹೊಸ ಜಾಗಕ್ಕೆ ಬಂದ ಹುಳು ಮೊದಲ ಕೆಲವು ರಾತ್ರಿ ಹೊರಗೆ ಬರಲು ನೋಡುತ್ತದೆ. ಡಬ್ಬದ ಹತ್ತಿರ ದೀಪ ಹಚ್ಚಿಡಿ. ಬೆಳಕು ಕಂಡರೆ ಒಳಗೇ ಉಳಿಯುತ್ತದೆ.

ಗೊಬ್ಬರ ತೆಗೆಯುವಾಗಲೂ ಇದೇ ಉಪಾಯ. ಹಾಳೆಯ ಮೇಲೆ ಗುಡ್ಡೆ ಮಾಡಿ ಬೆಳಕಲ್ಲಿಡಿ. ಹುಳು ಕೆಳಗಿಳಿದಂತೆ ಮೇಲಿಂದ ಕೆರೆದು ತೆಗೆಯಿರಿ. ಸುಮ್ನೆ ಅವಸರ ಮಾಡಬೇಡಿ. ಕೈಯಲ್ಲಿ ಸಾಸಿವೆಗಿಂತ ತುಸು ದೊಡ್ಡ, ಎರಡೂ ತುದಿ ಚೂಪಾದ ಹಳದಿ-ಕಂದು ಕಾಳು ಸಿಗುತ್ತವೆ. ಅವು ಎರೆಹುಳುವಿನ ಮೊಟ್ಟೆಗೂಡುಗಳು, ಒಂದೊಂದರಿಂದ ಹಲವು ಮರಿ ಬರಬಹುದು. ಆರಿಸಿ ಡಬ್ಬಕ್ಕೇ ಹಾಕಿ.

ಬರೀ ಎರೆಗೊಬ್ಬರದಲ್ಲೇ ಗಿಡ ನೆಡಬೇಡಿ. ಮೂರು-ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಸಾಕು.