ಆಪರೇಷನ್ ಮಧ್ಯೆ ಮಾಡುವ ಫ್ರೋಜನ್ ರಿಪೋರ್ಟ್ ಎಷ್ಟು ನಂಬಬಹುದು? ಅನುಭವ ಇದ್ದವರು ಹೇಳಿ

ಅಕ್ಕನಿಗೆ 32 ವರ್ಷ, ಇನ್ನೂ ಮಕ್ಕಳಾಗಿಲ್ಲ. ಒಂದು ಅಂಡಾಶಯದಲ್ಲಿ ದೊಡ್ಡ ಗಡ್ಡೆ. ಅದನ್ನು ತೆಗೆದು, ಅಕ್ಕ ಟೇಬಲ್ ಮೇಲಿರುವಾಗಲೇ ಫ್ರೋಜನ್ ಸೆಕ್ಷನ್ (ಗಡ್ಡೆಯ ಚೂರನ್ನು ಹೆಪ್ಪುಗಟ್ಟಿಸಿ ಕೂಡಲೇ ಮೈಕ್ರೋಸ್ಕೋಪಿನಲ್ಲಿ ನೋಡುವ ಪರೀಕ್ಷೆ) ಮಾಡಿಸುತ್ತಾರಂತೆ. ಕ್ಯಾನ್ಸರ್ ಅಂತ ಬಂದರೆ ಗರ್ಭಕೋಶವೂ ಹೋಗಬಹುದು ಅಂದಿದ್ದಾರೆ. ಅರ್ಧ ಗಂಟೆಯ ರಿಪೋರ್ಟ್ ನಂಬಿ ಅಷ್ಟು ದೂರ ಹೋಗಬಹುದಾ?

ಉತ್ತರ 1
ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ನಾನು. ಓಟಿಯಿಂದ ಗಡ್ಡೆ ಹಸಿಯಾಗಿಯೇ ಬರುತ್ತದೆ. ಪೆಥಾಲಜಿಸ್ಟ್ ಅದನ್ನು ಸೀಳಿ, ಅನುಮಾನ ಬಂದ ಜಾಗದಿಂದ ಒಂದೆರಡು ಚೂರು ಕೊಡುತ್ತಾರೆ. ಕ್ರಯೋಸ್ಟಾಟ್ ಅನ್ನುವ, ಹೆಪ್ಪುಗಟ್ಟಿಸಿ ಕೊಯ್ಯುವ ಯಂತ್ರದಲ್ಲಿ ಮೈನಸ್ 20 ಡಿಗ್ರಿ ಆಸುಪಾಸಿಗೆ ಗಟ್ಟಿ ಮಾಡಿ, ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಸುಮಾರು 20 ನಿಮಿಷಕ್ಕೆ ಓಟಿಗೆ ಫೋನ್. ಆಮೇಲೆ ಫೈನಲ್ ರಿಪೋರ್ಟಿಗಾಗಿ ಚೂರನ್ನು ಮೇಣದಲ್ಲಿ ಕೂರಿಸಿದ ಬ್ಲಾಕಿನಿಂದ ಬರುವ ಸ್ಲೈಡಿನಷ್ಟು ಇದು ಸ್ಪಷ್ಟ ಇರುವುದಿಲ್ಲ. ನೀರಿನಂಶ ಹರಳುಗಟ್ಟಿ ಅಲ್ಲಲ್ಲಿ ತೂತು ಬಿದ್ದಿರುತ್ತದೆ. ಕೊಬ್ಬಿನ ಚೂರಾದರೆ ಸರಿಯಾಗಿ ಗಟ್ಟಿಯೇ ಆಗುವುದಿಲ್ಲ, ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ.

ಹಾಗಿದ್ದೂ ಅಂಡಾಶಯದಲ್ಲಿ ಫ್ರೋಜನ್ 'ಕ್ಯಾನ್ಸರ್' ಅಂದದ್ದು ಆಮೇಲೆ 'ಅಲ್ಲ' ಅಂತ ಆಗುವುದು ಅಪರೂಪ. ತೊಂದರೆ ಇರುವುದು ಇನ್ನೊಂದು ಕಡೆ. 20 ಸೆಂಟಿಮೀಟರ್ ಗಡ್ಡೆಯಲ್ಲಿ ಎರಡು ಚೂರು ನೋಡಿದರೆ, ಉಳಿದ ಜಾಗದಲ್ಲಿ ಏನಿದೆ ಅಂತ ಗೊತ್ತಾಗುವುದಿಲ್ಲ. ಅದರಲ್ಲೂ ಲೋಳೆ ತುಂಬಿದ ಮ್ಯೂಸಿನಸ್ ಗಡ್ಡೆಯಲ್ಲಿ ಒಂದು ಮೂಲೆ ಸಾದಾ, ಒಂದು ಮೂಲೆ ಬಾರ್ಡರ್‌ಲೈನ್ (ಸಾದಾಕ್ಕೂ ಕ್ಯಾನ್ಸರಿಗೂ ನಡುವಿನದು), ಮತ್ತೊಂದು ಕಡೆ ಕ್ಯಾನ್ಸರ್ ಇರಬಹುದು. ಬಾರ್ಡರ್‌ಲೈನ್ ಅಂತ ಹೋದದ್ದು ಫೈನಲ್‌ನಲ್ಲಿ ಕ್ಯಾನ್ಸರ್ ಆಗುವುದು ಹೀಗೆ.

ಸುಮ್ನೆ 'ಎಷ್ಟು ಪರ್ಸೆಂಟ್ ಸರಿ' ಅಂತ ಕೇಳಬೇಡಿ. 'ಬಾರ್ಡರ್‌ಲೈನ್ ಅಂದರೆ ಏನು ಮಾಡುತ್ತೀರಿ? ಫ್ರೋಜನ್‌ನಲ್ಲಿ ತೀರ್ಮಾನ ಆಗದಿದ್ದರೆ?' ಅಂತ ಕೇಳಿ. ಮಕ್ಕಳು ಬೇಕು ಅನ್ನುವವರಿಗೆ ಅನುಮಾನ ಇದ್ದಾಗ ಸಾಮಾನ್ಯವಾಗಿ ಆ ಒಂದು ಕಡೆಯದನ್ನಷ್ಟೇ ತೆಗೆದು ಫೈನಲ್ ರಿಪೋರ್ಟಿಗೆ ಕಾಯುತ್ತಾರೆ. ಎರಡನೇ ಆಪರೇಷನ್ ಬೇಕಾದರೆ ಮಾಡಬಹುದು, ತೆಗೆದ ಗರ್ಭಕೋಶ ವಾಪಸ್ ಇಡಲಾಗುವುದಿಲ್ಲ ಅಲ್ವಾ.

ಉತ್ತರ 2
ನನ್ನದು ಥೈರಾಯ್ಡ್. ಫ್ರೋಜನ್‌ನಲ್ಲಿ ಫಾಲಿಕ್ಯುಲರ್ ಗಡ್ಡೆ ಅಂತಷ್ಟೇ ಹೇಳಿ, ಉಳಿದದ್ದು ಫೈನಲ್‌ಗೆ ಅಂದರು. ಆಗ ಸಿಟ್ಟು ಬಂದಿತ್ತು. ಆದರೆ ಅಲ್ಲಿ ಕ್ಯಾನ್ಸರ್ ಹೌದೋ ಅಲ್ಲವೋ ಅನ್ನುವುದು ಗಡ್ಡೆಯ ಸುತ್ತಲಿನ ಪೊರೆ ದಾಟಿದೆಯಾ, ರಕ್ತನಾಳಕ್ಕೆ ಹೊಕ್ಕಿದೆಯಾ ಅನ್ನುವುದರ ಮೇಲೆ. ಪೊರೆಯನ್ನೆಲ್ಲ 20 ನಿಮಿಷದಲ್ಲಿ ಜಾಲಾಡಲು ಆಗುವುದಿಲ್ಲ. ಅರ್ಧ ಗ್ರಂಥಿ ಉಳಿಸಿದರು. ಫೈನಲ್‌ನಲ್ಲಿ ಕ್ಯಾನ್ಸರ್ ಬಂತು, ಆಮೇಲೆ ಉಳಿದರ್ಧ ತೆಗೆದರು. ಎರಡು ಸಲ ಅರಿವಳಿಕೆ, ಎರಡು ಸಲ ಖರ್ಚು. ಆದರೂ ಆ ಪೆಥಾಲಜಿಸ್ಟ್ ಊಹೆಯ ಮೇಲೆ ಹೇಳಲಿಲ್ಲವಲ್ಲ, ಅದೇ ಮೇಲು.

ಉತ್ತರ 3
ಕನ್ಸೆಂಟ್ ಫಾರ್ಮ್ ಅಕ್ಕನೇ ಓದಲಿ. ಯಾವ ರಿಪೋರ್ಟ್ ಬಂದರೆ ಎಷ್ಟು ತೆಗೆಯಬಹುದು ಅಂತ ಅದರಲ್ಲೇ ಬರೆಸಿ. ಕ್ಯಾನ್ಸರ್ ಆದರೂ ಒಂದೇ ಕಡೆ, ಶುರುವಿನ ಹಂತದಲ್ಲಿದ್ದರೆ ಗರ್ಭಕೋಶ ಉಳಿಸುವುದುಂಟು, ಕೇಳಿ ನೋಡಿ. ಫೈನಲ್ ಬಂದಮೇಲೆ ಸ್ಲೈಡ್, ಬ್ಲಾಕ್ ಇಸ್ಕೊಳ್ಳಿ. ಸೆಕೆಂಡ್ ಒಪಿನಿಯನ್‌ಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದರೂ ಬರೀ ಕಾಗದ ಸಾಲದು.