ಆರು ಗಂಟೆಯ ಫಾರ್ವರ್ಡ್

ಸೋಮವಾರ ಬೆಳಿಗ್ಗೆ ಆರೂವರೆಗೆ ಸುರತ್ಕಲ್ ಮಾವ ಕುಟುಂಬದ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. "ಎಚ್ಚರ! ಮಾತ್ರೆ ಜಾಸ್ತಿ ನುಂಗಿ ಬಂದವರನ್ನು ಆಸ್ಪತ್ರೆಯವರು ಆರೇ ಗಂಟೆ ಇಟ್ಟುಕೊಂಡು ಮನೆಗೆ ಅಟ್ಟುತ್ತಿದ್ದಾರೆ. ಎಲ್ಲರಿಗೂ ಕಳಿಸಿ." ಅದರ ಕೆಳಗೆ ಅವರದೇ ಒಂದು ಸಾಲು: "ನಾನು ಆವತ್ತೇ ಹೇಳಿದ್ದೆ."

ಆವತ್ತು ಅಂದರೆ ಯಾವತ್ತು ಅಂತ ಎಲ್ಲರಿಗೂ ಗೊತ್ತು. ಕಳೆದ ಆಟಿ ತಿಂಗಳಲ್ಲಿ ಕಾಪು ಚಿಕ್ಕಮ್ಮ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮರೆತು ಎರಡು ಸಲ ನುಂಗಿದ್ದರು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡಿದ್ದರು.

ಬೆಂಗಳೂರಿನ ತಮ್ಮ ಕೂಡಲೇ ಕೇಳಿದ: "ಯಾವ ಆಸ್ಪತ್ರೆ? ಯಾವ ಊರು? ಇದರ ಮೂಲ ಎಲ್ಲಿ ಮಾವ?"

"ಮೂಲಕ್ಕೆ ಬೇರೆ ಡಾಕ್ಟರ್ ಇದ್ದಾರೆ ಮಾರಾಯ."

ಹನ್ನೊಂದು ಜನ ನಕ್ಕರು. ಅಲ್ಲಿಗೆ ಮೂಲದ ವಿಚಾರ ಮುಗಿಯಿತು.

ಮಣಿಪಾಲದ ಅಕ್ಕ ಕ್ಯಾಶುವಾಲ್ಟಿಯಲ್ಲಿ ನರ್ಸ್. ರಾತ್ರಿ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತು ಬರೆದಳು:

"ಆರು ಗಂಟೆ ಎಲ್ಲರಿಗೂ ಅಲ್ಲ. ಎಂತ ಮಾತ್ರೆ, ಎಷ್ಟು, ಎಷ್ಟು ಹೊತ್ತಿಗೆ ಅಂತ ಗೊತ್ತಿರಬೇಕು. ಎಚ್ಚರ ಇರಬೇಕು. ನಾಡಿ, ಬಿಪಿ, ಇಸಿಜಿ ಸರಿ ಇರಬೇಕು. ಅಂಥವರನ್ನು ಮಾತ್ರ ಕೆಲವು ಗಂಟೆ ನೋಡಿ ಬಿಡುವುದು. ಪ್ಯಾರಾಸಿಟಮಾಲ್ ಆದರೆ ನುಂಗಿ 4 ಗಂಟೆ ಕಳೆಯದೆ ರಕ್ತ ಪರೀಕ್ಷೆ ಮಾಡಿದರೆ ಲೆಕ್ಕ ಸಿಗುವುದಿಲ್ಲ. ಮೊದಲ ದಿನ ಆರಾಮ ಕಂಡರೂ ಲಿವರ್‌ಗೆ ಆದ ಪೆಟ್ಟು ಆಮೇಲೆ ಗೊತ್ತಾಗುವುದು. ಚಿಕ್ಕಮ್ಮನದು ಗ್ಲಿಮೆಪಿರೈಡ್. ಅದರಲ್ಲಿ ಸಕ್ಕರೆ ತಡವಾಗಿ ಇಳಿಯಬಹುದು. ಗ್ಲೂಕೋಸ್ ಕೊಟ್ಟು ಏರಿಸಿದರೂ ಮತ್ತೆ ಇಳಿಯಬಹುದು. ಅದಕ್ಕೇ 24 ಗಂಟೆ ಇಟ್ಟದ್ದು. ಬೇಕಂತಲೇ ನುಂಗಿದವರಾದರೆ ಮನಸ್ಸಿನ ಡಾಕ್ಟರ್ ಮಾತಾಡಿಸದೆ ಕಳಿಸಬಾರದು."

ಒಂಬತ್ತು ಸೆಕೆಂಡಿನಲ್ಲಿ ಮಾವನ ಉತ್ತರ: "ಇಷ್ಟುದ್ದ ಬರೆದರೆ ಓದುವುದು ಯಾರು?"

ಆಗ ಕಾರ್ಕಳದ ದೊಡ್ಡಪ್ಪ ಎದ್ದರು. "ನಮ್ಮ ಕಾಲದಲ್ಲಿ ಗಂಜಿ, ಉಪ್ಪಿನಕಾಯಿ, ಹೊತ್ತಿಗೆ ಸರಿ ನಿದ್ದೆ. ಈಗ ಎಲ್ಲದಕ್ಕೂ ಮಾತ್ರೆ." ಪ್ರತಿ ತಿಂಗಳು ದೊಡ್ಡಪ್ಪನ ಮೆಡಿಕಲ್ ಚೀಟಿ ಹಿಡಿದುಕೊಂಡು ಅಂಗಡಿಗೆ ಹೋಗುವವನು ನಾನು. ಕೈ ಮುಗಿದ ಇಮೋಜಿ ಹಾಕಿ ಸುಮ್ಮನಾದೆ.

ತಮ್ಮ ಬಿಡಲಿಲ್ಲ. "ಆವತ್ತು ಬಿಲ್ ಏರಿಸಲಿಕ್ಕೆ ಇಟ್ಟುಕೊಂಡರು ಅಂತ ಬೈದಿರಿ. ಇವತ್ತು ಬೇಗ ಕಳಿಸಿದರು ಅಂತ ಬೈತೀರಿ. ನಿಮ್ಮದು ಯಾವ ಪಕ್ಷ ಮಾವ?"

"ಬಿಲ್ ಕಟ್ಟಿದ್ದು ನಾನು. ಉಳಿದವರು ಬರೀ ನೋಡಲು ಬಂದವರು."

ಈ ಮಾತು ಕಟಪಾಡಿ ಅತ್ತೆಗೆ ತಾಗಿತು. "ಬರೀ ಕೈಯಲ್ಲಿ ಬಂದಿಲ್ಲ ನಾವು. ಗಂಜಿ ತಂದಿದ್ದೇವೆ. ಆ ಫ್ಲಾಸ್ಕ್ ಇನ್ನೂ ವಾಪಸ್ ಬಂದಿಲ್ಲ."

"ಯಾವ ಫ್ಲಾಸ್ಕ್?"

"ಹಸಿರು ಮುಚ್ಚಳದ್ದು. ಮಗಳ ಮದುವೆಯಲ್ಲಿ ಬಂದದ್ದು."

ಸುರತ್ಕಲ್ ಅತ್ತೆ ಅಡುಗೆಮನೆಯಿಂದ ಫೋಟೋ ಹಾಕಿದರು. ಫ್ಲಾಸ್ಕ್‌ನ ಮುಚ್ಚಳ ನೀಲಿ. "ನೋಡಿ, ಇದು ನಮ್ಮದು." ಮುಚ್ಚಳ ಬದಲಾಗಿದೆಯಾ ಇಲ್ಲವಾ ಎಂಬುದಕ್ಕೆ ಹದಿನೇಳು ಮೆಸೇಜ್ ಹೋಯಿತು. ಆರು ಗಂಟೆಯನ್ನು ಯಾರೂ ನೆನೆಯಲಿಲ್ಲ.

ಜಗಳ ತಣಿಸಲೋ ಏನೋ, ಮುಂಬೈ ಭಾವ ಬಂದರು. "ಸಣ್ಣವರಿರುವಾಗ ಆಸ್ಪತ್ರೆ ಅಂದರೆ ಎಷ್ಟು ಖುಷಿ ಅಲ್ವಾ? ಇಂಜೆಕ್ಷನ್ ಆದ ಮೇಲೆ ಹಂಪನಕಟ್ಟೆಯಲ್ಲಿ ಗಡ್‌ಬಡ್ ಐಸ್‌ಕ್ರೀಮ್ ತಿನ್ನಿಸುತ್ತಿದ್ದರು." ಗಡ್‌ಬಡ್ ಮೊದಲು ಹುಟ್ಟಿದ್ದು ಉಡುಪಿಯಲ್ಲೋ ಮಂಗಳೂರಿನಲ್ಲೋ ಅಂತ ಗುಂಪು ಎರಡು ಹೋಳಾಯಿತು. ದೊಡ್ಡಪ್ಪ, ಮಾವ ಇಬ್ಬರೂ ಉಡುಪಿ ಕಡೆ. ಅಪರೂಪ.

ಎಂಟು ಗಂಟೆಗೆ ಕಾಪು ಚಿಕ್ಕಮ್ಮ, ಅಷ್ಟು ಹೊತ್ತಿಗೆ ಮೊದಲ ಸಲ: "ನಾನು ಇವತ್ತು ಮಾತ್ರೆ ನುಂಗಿದ್ದೇನಾ ಅಂತ ನೆನಪಾಗುತ್ತಿಲ್ಲ."

ಗಡ್‌ಬಡ್ ನಿಂತಿತು.

ಅಕ್ಕ ಬರೆದಳು: "ಇನ್ನೊಂದು ನುಂಗಬೇಡಿ. ನಾನು ತಂದುಕೊಟ್ಟ ಏಳು ಖಾನೆಯ ಡಬ್ಬಿ ಉಂಟಲ್ವಾ? ಸೋಮವಾರದ ಖಾನೆ ತೆಗೆದು ನೋಡಿ."

ಎರಡು ನಿಮಿಷ ಬಿಟ್ಟು ಫೋಟೋ ಬಂತು. ಸೋಮವಾರದಲ್ಲಿ ಲವಂಗ, ಮಂಗಳವಾರದಲ್ಲಿ ಏಲಕ್ಕಿ, ಬುಧವಾರದಲ್ಲಿ ಮೆಂತ್ಯ.