40 ಟನ್ನಿನ ಮೆಕ್ ಚುರುಕಾಗಬೇಕು, ತೂಕ ಮಾತ್ರ ಕಳೆದುಕೊಳ್ಳಬಾರದು. ಹೇಗೆ?

ಉಕ್ಕಿನಹೆಜ್ಜೆ:
ಒಂದೂವರೆ ವರ್ಷದಿಂದ ಗೆಳೆಯನ ಜೊತೆ ಸೇರಿ ಒಂದು ಮೆಕ್ (ಒಳಗೆ ಪೈಲಟ್ ಕೂತು ನಡೆಸೋ ದೈತ್ಯ ರೋಬೋ) ಗೇಮ್ ಮಾಡ್ತಿದ್ದೀನಿ. ಕೋಡ್ ನನ್ನದು, ಮಾಡೆಲ್ ಮತ್ತು ಅನಿಮೇಷನ್ ಅವನದು. ಮೆಕ್ಕಿನ ಎತ್ತರ 12 ಮೀಟರ್, ಅದರಲ್ಲಿ ಅರ್ಧ ಬರೀ ಕಾಲು. ತೂಕ 40 ಟನ್. ಅದು ನಡೆದರೆ ನೆಲ ಅದುರಬೇಕು ಅನ್ನೋದು ನಮ್ಮ ಮೊದಲ ದಿನದ ಆಸೆ.

ಅದಕ್ಕೇ ಒಂದೊಂದು ಹೆಜ್ಜೆಗೂ 1.3 ಸೆಕೆಂಡ್ ಇಟ್ಟೆವು. ಹೆಜ್ಜೆಯ ಉದ್ದ 5 ಮೀಟರ್. ನೋಡೋಕೆ ಎಷ್ಟು ಚೆಂದ ಅಂದರೆ, ನಾವಿಬ್ಬರೂ ಸುಮ್ಮನೆ ಅದನ್ನು ಅತ್ತಿತ್ತ ನಡೆಸಿಕೊಂಡು ಅರ್ಧ ಗಂಟೆ ಕೂತಿದ್ದೆವು. ಆದರೆ ಆಡೋಕೆ ಶುರು ಮಾಡಿದರೆ ವೇಗ ಗಂಟೆಗೆ 14 ಕಿ.ಮೀ. ಒಂದು ಕಿಲೋಮೀಟರ್ ಅಗಲದ ಅಖಾಡ ದಾಟೋಕೆ ನಾಲ್ಕು ನಿಮಿಷದ ಮೇಲೆ. ಬೆನ್ನ ಹಿಂದೆ ಬಂದವನ ಕಡೆ ಪೂರ್ತಿ ತಿರುಗೋಕೆ 4 ಸೆಕೆಂಡ್. ಆಡಿ ನೋಡಿ ಅಂತ ಕೊಟ್ಟ ಆರು ಜನರಲ್ಲಿ ನಾಲ್ವರು ಹತ್ತು ನಿಮಿಷದೊಳಗೆ ಕಂಟ್ರೋಲರ್ ಕೆಳಗಿಟ್ಟರು. ಒಬ್ಬಳು, 'ಕೆಸರಲ್ಲಿ ಲಾರಿ ಓಡಿಸಿದ ಹಾಗಿದೆ' ಅಂದಳು.

ಸರಿ ಅಂತ ಹೆಜ್ಜೆಯನ್ನು 0.6 ಸೆಕೆಂಡಿಗೆ ಇಳಿಸಿದೆ. ಗೇಮ್ ಚುರುಕಾಯ್ತು, ಆದರೆ ಮೆಕ್ ಸತ್ತುಹೋಯ್ತು. ರಟ್ಟಿನ ಡಬ್ಬ ತೊಟ್ಟ ಹುಡುಗ ಓಡಿದ ಹಾಗೆ ಕಾಣುತ್ತೆ. ಮಧ್ಯದಲ್ಲಿ 0.9ಕ್ಕೆ ಇಟ್ಟರೆ ಎರಡೂ ಕಡೆ ಸಲ್ಲದ ವಸ್ತು. ವೇಗದ ಒಂದೇ ಗುಂಡಿಯನ್ನು ಹಿಂದೆ ಮುಂದೆ ತಿರುಗಿಸಿ ಮೂರು ವಾರ ಕಳೆದೆ. ಬೇರೆ ಎಲ್ಲಿ ಕೈ ಹಾಕಬೇಕು ಹೇಳ್ತೀರಾ?

ಕೀಲುಮೂಳೆ:
ನಾನು ಅನಿಮೇಟರ್. ಮೊದಲು ಒಂದು ಸಮಾಧಾನ: ನಿಮ್ಮ 1.3 ಸೆಕೆಂಡ್ ಸರಿಯಾಗೇ ಇದೆ, ಅದನ್ನು ಮುಟ್ಟಬೇಡಿ. ನಡೆಯುವಾಗ ಕಾಲು ಲೋಲಕದ ಹಾಗೆ ತೂಗುತ್ತೆ. ಲೋಲಕದ ಉದ್ದ ನಾಲ್ಕು ಪಟ್ಟಾದರೆ ಅವಧಿ ಎರಡು ಪಟ್ಟು. ಮನುಷ್ಯನ ಕಾಲು ಸುಮಾರು 0.9 ಮೀಟರ್, ನಿಮ್ಮದು 6 ಮೀಟರ್. ಆರೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ, ವರ್ಗಮೂಲ ಹತ್ತಿರಹತ್ತಿರ 2.6. ನಾವು ಅರ್ಧ ಸೆಕೆಂಡಿಗೊಂದು ಹೆಜ್ಜೆ ಇಟ್ಟರೆ ನಿಮ್ಮ ಮೆಕ್ 1.3 ಸೆಕೆಂಡಿಗೊಂದು ಇಡಬೇಕು. 0.6 ಅಂದರೆ ಅದು ಒಂದೂಕಾಲು ಮೀಟರ್ ಕಾಲಿನ ಲೆಕ್ಕ! ಎತ್ತರ ಎಷ್ಟೇ ಇರಲಿ, ಕಣ್ಣು ಅದನ್ನು ಅಳೆಯೋದು ಹೆಜ್ಜೆಯ ತಾಳದಿಂದ.

ಹಾಗಾಗಿ ವೇಗವನ್ನು ಹೆಜ್ಜೆಯಿಂದ ಕೇಳಬೇಡಿ. ಬೆನ್ನಿಗೆ ಬೂಸ್ಟರ್ (ತಳ್ಳೋ ಜೆಟ್) ಕೊಡಿ, ಪಾದಕ್ಕೆ ಚಕ್ರ ಕೊಡಿ, ಮೆಕ್ ಜಾರಿಕೊಂಡು ಹೋಗಲಿ. ಇನ್ನೊಂದು ಮಾತು, ಜಿಗಿತ ಚುರುಕಾಗಲಿ ಅಂತ ಗುರುತ್ವ ಹೆಚ್ಚಿಸೋ ಆಸೆ ಎಲ್ಲರಿಗೂ ಬರುತ್ತೆ. 12 ಮೀಟರ್ ಎತ್ತರದಿಂದ ಬೀಳೋಕೆ ಒಂದೂವರೆ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ಅದನ್ನು ಅರ್ಧ ಮಾಡಿದರೆ ಮೆಕ್ ಮತ್ತೆ ಆಟಿಕೆ.

ಹೀಟ್‌ಸಿಂಕ್:
ಬೂಸ್ಟರ್ ಹಾಕೋ ಮುಂಚೆ ಕಾಲು ಮತ್ತು ಮೈಯನ್ನು ಬೇರೆ ಮಾಡಿ ನೋಡಿ. 1995ರ ಮೆಕ್‌ವಾರಿಯರ್ 2 ನನ್ನ ಮೊದಲ ಮೆಕ್ ಗೇಮ್. ಕಾಲು ಒಂದು ಕಡೆ ನಡೀತಾ ಇರುತ್ತೆ, ಸೊಂಟದ ಮೇಲಿನ ಭಾಗ ಬೇರೆ ಕಡೆ ತಿರುಗಿ ಗುಂಡು ಹಾರಿಸುತ್ತೆ. ಆ ಸರಣಿಯಲ್ಲಿ ಅಟ್ಲಾಸ್ 100 ಟನ್ನಿನ ಯಂತ್ರ, ತೀರಾ ನಿಧಾನ. ಆದರೂ ಅದರಲ್ಲಿ ಕೂತಾಗ ನನಗೆ ಒಂದು ಗಳಿಗೆಯೂ ಬೇಸರ ಆಗಿಲ್ಲ, ಯಾಕಂದರೆ ಕೈಗೆ ಸದಾ ಕೆಲಸ. ಈಗ ಲೇಸರ್ ಹಾರಿಸಿದರೆ ಹೀಟ್ (ಯಂತ್ರದ ಬಿಸಿ) ಮೇಲೇರುತ್ತೆ, ಮಿತಿ ದಾಟಿದರೆ ಮೆಕ್ ಬಂದ್ ಆಗಿ ನಿಂತಲ್ಲೇ ನಿಲ್ಲುತ್ತೆ. ಎಡ ಎದೆಯ ಕವಚ ಹರಿದಿದ್ದರೆ ಮೈ ತಿರುಗಿಸಿ ಏಟನ್ನು ಬಲಭುಜಕ್ಕೆ ಕೊಡಬೇಕು. ವಾಸ್ತವತೆ ಅಂದರೆ ನನಗೆ ಇದು. ನಿಮ್ಮ ಆಟಗಾರರು ಆ ನಾಲ್ಕು ನಿಮಿಷ ನಡೆಯುವಾಗ ಏನು ನಿರ್ಧಾರ ತಗೊಳ್ತಿದ್ದರು? ಏನೂ ಇಲ್ಲ ಅಂದರೆ ತಪ್ಪು 14 ಕಿ.ಮೀ.ಯದ್ದಲ್ಲ.

ಬೂಸ್ಟರ್‌ಪ್ರಿಯ:
ಹೀಟ್‌ಸಿಂಕ್ ಅವರ ಮಾತು ಅರ್ಧ ಒಪ್ಪುತ್ತೇನೆ. ನಿರ್ಧಾರ ಮುಖ್ಯ, ಆದರೆ ಬಟನ್ ಒತ್ತಿದ ಕೂಡಲೇ ಏನಾದರೂ ಆಗಲೇಬೇಕು, ಇಲ್ಲದಿದ್ದರೆ ಕೈಗೂ ಯಂತ್ರಕ್ಕೂ ನಂಟು ಕಡಿಯುತ್ತೆ. 2023ರ ಆರ್ಮರ್ಡ್ ಕೋರ್ 6 ನೋಡಿ. ಕ್ವಿಕ್ ಬೂಸ್ಟ್ ಒತ್ತಿದರೆ ಆ ಕ್ಷಣವೇ ಪಕ್ಕಕ್ಕೆ ಚಿಮ್ಮುತ್ತೆ. ಬೆಲೆ ತೆರೋದು ಆಮೇಲೆ: ಎನರ್ಜಿ ಖಾಲಿ ಆಗುತ್ತೆ, ಏಟು ಮೇಲೆ ಏಟು ಬಿದ್ದರೆ ಸ್ಟ್ಯಾಗರ್ ಆಗಿ ತತ್ತರಿಸಿ ನಿಲ್ಲುತ್ತೆ, ಆಗ ಬೀಳೋ ಏಟು ಇನ್ನೂ ಹೆಚ್ಚು ನೋಯಿಸುತ್ತೆ. ತೂಕವನ್ನು ಮೊದಲು ತೋರಿಸಬೇಡಿ, ಕೊನೆಗೆ ತೋರಿಸಿ.

ಹೀಗೆ ದಿಢೀರ್ ಚಿಮ್ಮೋದಕ್ಕೆ ಭೌತಶಾಸ್ತ್ರ ಒಪ್ಪುತ್ತಾ ಅಂತ ತಲೆ ಕೆಡಿಸಿಕೊಳ್ಳಬೇಡಿ. 0.1 ಸೆಕೆಂಡಿನಲ್ಲಿ 200 ಕಿ.ಮೀ. ವೇಗ ಮುಟ್ಟಿದರೆ ಒಳಗಿರೋ ಪೈಲಟ್‌ಗೆ 57 ಜಿ, ಅಂದರೆ ಗುರುತ್ವದ 57 ಪಟ್ಟು ಆಗುತ್ತೆ. ಫೈಟರ್ ಪೈಲಟ್‌ಗಳು ಜಿ-ಸೂಟ್ ಹಾಕಿಕೊಂಡು ತಡೆಯೋದೇ 9ರ ಆಸುಪಾಸು. ಆಟಗಾರರು ಇದನ್ನು ಕೇಳಲ್ಲ. ನಿಲ್ಲುವಾಗ ಪಾದ ನೆಲ ಉಜ್ಜಲಿಲ್ಲ ಅಂದರೆ ಮಾತ್ರ ತಕ್ಷಣ ಕೇಳ್ತಾರೆ.

ಉಕ್ಕಿನಹೆಜ್ಜೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹನ್ನೊಂದು ದಿನ ಇದರಲ್ಲೇ ಮುಳುಗಿದ್ದೆ.

ಹೆಜ್ಜೆಯನ್ನು ಮತ್ತೆ 1.3ಕ್ಕೆ ಒಯ್ದೆ. ಗೆಳೆಯನ ಮುಖ ಅರಳಿತು. ಸೊಂಟದ ಮೇಲಿನ ಭಾಗವನ್ನು ಕಾಲಿನಿಂದ ಬಿಡಿಸಿದೆ: ಸ್ಟಿಕ್ ಮುಟ್ಟಿದ ಎರಡೇ ಫ್ರೇಮಿನಲ್ಲಿ ಗುರಿ ಅಲುಗುತ್ತೆ, ಮೈ ಅದರ ಹಿಂದೆ ಬರುತ್ತೆ, ಕಾಲು ಕೊನೆಗೆ. ಹಿಂದಿನ ಶತ್ರುವಿನ ಮೇಲೆ ಬಂದೂಕು ಕೂರಿಸೋಕೆ ಈಗ 1.5 ಸೆಕೆಂಡ್ ಸಾಕು, ಕಾಲು ಮಾತ್ರ ತನ್ನ ಹಳೇ 4 ಸೆಕೆಂಡ್ ತಗೊಳ್ಳುತ್ತೆ. ಕೆಳಗೆ ಏನೋ ಭಾರ ಎಳೀತಿದೆ ಅನ್ನೋದು ಇದರಿಂದಲೇ ಗೊತ್ತಾಗುತ್ತೆ. ಮೊದಲು ಇಡೀ ಮೆಕ್ ಒಂದೇ ತುಂಡಾಗಿ ತಿರುಗ್ತಿದ್ದಾಗ ಈ ಅನುಭವ ಇರಲೇ ಇಲ್ಲ.

ಬೂಸ್ಟರ್ ಕೂಡ ಹಾಕಿದೆ. ಚಿಮ್ಮೋದು ತಕ್ಷಣ, ಆದರೆ ಮುಗಿದ ಮೇಲೆ 0.7 ಸೆಕೆಂಡ್ ಪಾದ ಊರಿ ಜಾರುತ್ತೆ, ಆಗ ಮತ್ತೆ ಚಿಮ್ಮೋಕಾಗಲ್ಲ. ಹೀಟ್ ಲೆಕ್ಕ ಬೂಸ್ಟರ್‌ಗೂ ಬಂದೂಕಿಗೂ ಒಂದೇ. ಅಖಾಡವನ್ನು 400 ಮೀಟರಿಗೆ ಕುಗ್ಗಿಸಿದೆ. ಮುಂಚೆ ಯಾಕೆ ಹೊಳೆಯಲಿಲ್ಲವೋ, ಅರ್ಧ ತಲೆನೋವು ಅಲ್ಲೇ ಹೋಯ್ತು.

ಲಾರಿ ಅಂದವಳಿಗೇ ಮತ್ತೆ ಕೊಟ್ಟೆ. ಐವತ್ತು ನಿಮಿಷ ಆಡಿದಳು. ಒಮ್ಮೆ ಆತುರದಲ್ಲಿ ಎರಡು ಸಲ ಚಿಮ್ಮಿ, ಲೇಸರ್ ಹಾರಿಸಿ, ಹೀಟ್ ಮಿತಿ ದಾಟಿ ಬಂದ್ ಆಗಿ ನಿಂತಳು. ಶತ್ರು ನಿಧಾನವಾಗಿ ಅವಳ ಕಡೆ ತಿರುಗ್ತಿದ್ದಾಗ, 'ಏಳು, ಏಳು' ಅಂತ ಮೆಕ್ಕಿಗೇ ಹೇಳ್ತಿದ್ದಳು.

ಒಂದು ಕೊರತೆ ಉಳಿದಿದೆ. ಇಳಿಜಾರಿನಲ್ಲೂ ಆ ಜಾರಾಟ ಸಮತಟ್ಟಿನಷ್ಟೇ ದೂರ ಹೋಗುತ್ತೆ, ನೋಡಿದರೆ ಸುಳ್ಳು ಅನಿಸುತ್ತೆ. ಇಳಿಜಾರಿಗೆ ತಕ್ಕ ಹಾಗೆ ಉದ್ದ ಮಾಡಿದರೆ ಆಟಗಾರರಿಗೆ ಅಂದಾಜು ತಪ್ಪುತ್ತೆ. ಇದನ್ನು ಯಾರಾದರೂ ಬಗೆಹರಿಸಿದ್ದೀರಾ?

ಕೀಲುಮೂಳೆ:
ದೂರ ಹಾಗೇ ಇರಲಿ. ಇಳಿಜಾರಲ್ಲಿ ಮೊಣಕಾಲು ಹೆಚ್ಚು ಮಡಿಸಿ, ಮೈ ಹಿಂದಕ್ಕೆ ವಾಲಿಸಿ, ಧೂಳು ಜಾಸ್ತಿ ಎಬ್ಬಿಸಿ. ನಿಲ್ಲೋಕೆ ಕಷ್ಟಪಡ್ತಿದೆ ಅಂತ ಕಂಡರೆ ಸಾಕು. ಆ ಅನಿಮೇಷನ್ ಆದ ಮೇಲೆ ಒಂದು ಕ್ಲಿಪ್ ಹಾಕಿ, ಪಾದದ ಕೋನ ನೋಡಿ ಹೇಳ್ತೀನಿ.